ಆಡಿನ ಬೆನ್ನು ಹತ್ತಿದ ಮೋಡ

ಕಲಬುರಗಿಯ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಮೊದಲ ವರ್ಷವೇ ಒಂದೊಂದು ಮರಿಮೋಡ ಕೊಡುತ್ತಾರೆ. ಎಮ್ಮೆಯಷ್ಟು ದೊಡ್ಡದಿರುವ ಅದು ಕಂಪ್ಯೂಟರಿನಲ್ಲಿ ಬರೆದಂತೆ ಚಲಿಸುತ್ತದೆ. ಜಗದೇವಿಯ ಮೋಡ ಇಡೀ ಸೆಮಿಸ್ಟರ್ ಮೈದಾನದ ಮೇಲೆ ಚೌಕಾಕಾರವಾಗಿ ಸುತ್ತಿತ್ತು. ಪಾಠದಲ್ಲಿದ್ದದ್ದು ಅಷ್ಟೇ. ಅದನ್ನೂ ಅವಳು ಗೆಳತಿಯರದು ನೋಡಿ ಬರೆದಿದ್ದಳು. ಲ್ಯಾಬಿಗೆ ಕಾಲಿಟ್ಟರೆ ಆಕಳಿಕೆ ಬರುತ್ತಿತ್ತು.

"ನನಗಿದು ಒಗ್ಗಂಗಿಲ್ರಿ ಮೇಡಂ. ಬಿಟ್ಟು ಬಿ.ಎ.ಗೆ ಹೋಗ್ತೀನಿ," ಎಂದಳು ಒಂದು ದಿನ ಲ್ಯಾಬಿನಲ್ಲಿ.

ರುಬೀನಾ ಮೇಡಂ ತಡೆಯಲಿಲ್ಲ. "ಹೋಗುವಂತಿ. ಅದಕ್ಕೂ ಮೊದಲ ಆ ಚೌಕ ಬಿಟ್ಟು, ನಿನಗ ಬೇಕಾದ್ದು ಒಂದು ಬರಿ."

ಕಿಟಕಿಯಾಚೆ ಜಗದೇವಿ ಆಡುವ ಖೋಖೋ ತಂಡ ಏಪ್ರಿಲ್ ಬಿಸಿಲಲ್ಲಿ ಅಭ್ಯಾಸ ಮಾಡುತ್ತಿತ್ತು. ಓಡುತ್ತಿರುವುದಕ್ಕೆ ನೆರಳು ಕೊಡು ಎಂದು ಅವಳು ತಾನೇ ಬರೆದಳು.

ಮೋಡ ಕೆಳಗಿಳಿಯಿತು. ಆದರೆ ಹುಡುಗಿಯರನ್ನು ಬಿಟ್ಟು, ಮೈದಾನಕ್ಕೆ ನುಗ್ಗಿದ್ದ ಆಡೊಂದರ ಬೆನ್ನು ಹತ್ತಿತು. ಆಡು ಬೆದರಿ ಓಡಿದಷ್ಟೂ ಮೋಡವೂ ಓಡಿತು. ತಂಡದವರು ಹೊಟ್ಟೆ ಹಿಡಿದು ನಕ್ಕರು. ಜಗದೇವಿಗೂ ನಗು ತಡೆಯಲಾಗಲಿಲ್ಲ. ಓಡುವುದು ಹುಡುಗಿಯೇ ಆಗಿರಬೇಕೆಂದು ಅವಳು ಹೇಳಿಯೇ ಇರಲಿಲ್ಲ.

ತಿದ್ದಿದಳು. ಮೋಡ ಕೂತವರ ಮೇಲೆ ಹೋಗಿ ನಿಂತಿತು. ಮತ್ತೆ ತಿದ್ದಿದಳು. ಈ ಸಲ ಓಡುತ್ತಿದ್ದ ತಂಡದ ಸಲ್ಮಾಳ ಹಿಂದೆಯೇ ನೆರಳು ಸಾಗಿತು. ಸಲ್ಮಾ ತಲೆಯೆತ್ತಿ ನೋಡಿ, ಕಿಟಕಿಯತ್ತ ಕೈಬೀಸಿದಳು.

"ಊಟದ ಹೊತ್ತಾತು, ಬಾಗಿಲು ಹಾಕಬೇಕು ನೋಡು," ಎಂದರು ಮೇಡಂ.

"ನೀವು ಉಂಡು ಬರ್ರಿ," ಎಂದಳು ಜಗದೇವಿ, ಪರದೆಯಿಂದ ಕಣ್ಣು ತೆಗೆಯದೆ. "ಆಕಿ ತಿರುಗಿದಾಗ ಇದು ಒಂಚೂರು ಹಿಂದ ಬೀಳ್ತದ."