ಶೇಷನ ಬೊಜ್ಜದೂಟ

ಗುಲಾಬಿಯ ಗಂಡ ಶೇಷ ಹಾಯಿದೋಣಿ ಪಂದ್ಯಕ್ಕೆ ಹೋಗಿ ನಡುಸಮುದ್ರದಲ್ಲಿ ಮುಳುಗಿದಾಗಲೆಲ್ಲ, ಬಂದರು ಕಚೇರಿಯವರು ಅವನು ಹೊರಡುವ ಮುನ್ನ ತೆಗೆದಿಟ್ಟ ಅವನ ಮೈಮನಸ್ಸಿನ ಅಚ್ಚಿನಿಂದ ಹೊಸ ಶೇಷನನ್ನು ಮಾಡಿ ಮನೆಗೆ ಕಳಿಸುತ್ತಿದ್ದರು. ಹೊಸಬನಿಗೆ ಮುಳುಗಿದ್ದು ನೆನಪಿರುತ್ತಿರಲಿಲ್ಲವಾದ್ದರಿಂದ ಮತ್ತೆ ಪಂದ್ಯಕ್ಕೆ ಹೆಸರು ಕೊಟ್ಟು ಬರುತ್ತಿದ್ದ. ಆದರೂ ಸತ್ತವನು ಸತ್ತವನೇ ಎಂದು ಗುಲಾಬಿ ಪ್ರತಿ ಸಲವೂ ಉತ್ತರಕ್ರಿಯೆಯ ಬೊಜ್ಜ ಮಾಡಿ ಊರಿಗೆ ಊಟ ಹಾಕುತ್ತಿದ್ದಳು. ತನ್ನದೇ ಬೊಜ್ಜದ ಪಾಯಸಕ್ಕೆ ಬೆಲ್ಲ ಸಾಲದೆಂದು ಗೊಣಗುವವನೂ ಶೇಷನೇ.

ಈ ಸಲ ಪಂಕ್ತಿಯ ನಡುವೆ ಹರಕು ಹಾಯಿ ಹೊದ್ದವನೊಬ್ಬ ಅಂಗಳಕ್ಕೆ ಬಂದ. ಮುಳುಗದೆ ದಡ ಸೇರಿದ ಹಳೆಯ ಶೇಷ. ಸುದ್ದಿಯಿಲ್ಲವೆಂದು ಕಚೇರಿ ಅವಸರಪಟ್ಟು ಹೊಸಬನನ್ನು ಕಳಿಸಿಬಿಟ್ಟಿತ್ತು.

"ಪಂದ್ಯಕ್ಕೆ ಹೋಗ್ಬೇಡ ಮಾರಾಯ," ಎಂದು ಅವನು ಹೊಸಬನ ಕೈ ಹಿಡಿದ. "ಅಲ್ಲಿ ನೀರು ಗೋಡೆ ಹಾಗೆ ಎದ್ದು ನಿಲ್ತದೆ. ಅಮ್ಮಾ ಅಂತ ಅತ್ತಿದ್ದೇನೆ ನಾನು."

"ಅದಿರ್ಲಿ. ಎಷ್ಟನೇ ಸ್ಥಾನ ಬಂತು?"

"ಕಡೇದು."

ಹೊಸಬ ಬೆರಳು ನೆಕ್ಕುತ್ತಾ ನಕ್ಕ. "ನಿನ್ನಿಂದ ಆಗುವ ಕೆಲಸವಲ್ಲ ಅದು. ನಾನು ಹೋಗಿ ತೋರಿಸ್ತೇನೆ."

ಹಳಬ ಹಿಡಿದ ಕೈ ಬಿಟ್ಟ. "ನೀನು ನನ್ನನ್ನು ಹಿಂದೆ ಹಾಕ್ತೀಯಾ? ನಾನೂ ಬರ್ತೇನೆ, ನೋಡುವ."

ಗುಲಾಬಿ ಅಡುಗೆಯವರತ್ತ ತಿರುಗಿದಳು. "ಆ ಪಾಯಸದ ಹಂಡೆ ವಾಪಸ್ ಕೊಡ್ಬೇಡಿ. ಇನ್ನೊಂದಕ್ಕೂ ಹೇಳಿಡಿ."