ನನ್ನ ಮೇಲ್ ನನ್ನ ಮನೆಯಲ್ಲಿ

"ಕಂಡವರ ಸರ್ವರಿನಲ್ಲಿ ನನ್ನ ಒಂದು ಮೇಲೂ ಇರಕೂಡದು. ಎಲ್ಲ ಈ ಕಂಪ್ಯೂಟರಿಗೆ ಇಳಿಸು, ಅಲ್ಲಿಂದ ಅಳಿಸು. ಇದರಲ್ಲೇ ನನ್ನ ಸ್ವಂತ ವೆಬ್‌ಮೇಲ್ ಹಾಕಿಕೊಡು."

ಕಂಪ್ಯೂಟರ್ ಕೆಲಸಕ್ಕೆಂದು ನನ್ನನ್ನು ಮನೆಗೆ ಕರೆಸಿದ್ದ ಆತನ ವಿಚ್ಛೇದನದ ಕೇಸು ನಡೆಯುತ್ತಿತ್ತು. ಹೆಂಡತಿಯ ವಕೀಲರ ಕೈಗೆ ಏನೂ ಸಿಗಬಾರದೆಂಬ ಹಟ. ಬೆಳಗಿನಿಂದ ಕೆಲಸ ಮಾಡುತ್ತಿದ್ದ ನನಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ.

"ಇದು ಹಳೇ ಕಂಪ್ಯೂಟರ್ ಸಾರ್. ಹೊಸದೊಂದು ತಂದರೆ..."

"ಬುದ್ಧಿ ಹೇಳೋಕೆ ಕರೆದಿಲ್ಲ ನಿನ್ನ."

"ಪಾಸ್‌ವರ್ಡ್ ಆದರೂ ಹಾಕಲಾ?"

"ನನ್ನ ಮನೆಯಲ್ಲಿ ನನಗೇ ಬೀಗವಾ? ಬೇಡ."

ಕೊನೆಯ ಮೇಲನ್ನೂ ಇಳಿಸಿ, ಸರ್ವರಿನಲ್ಲಿದ್ದದ್ದನ್ನೆಲ್ಲ ಅಳಿಸಿ ಮುಗಿಸುವಷ್ಟರಲ್ಲಿ ಹೊರಗೆ ಟೆಂಪೋ ನಿಂತಿತು. ಹೆಂಡತಿ ತನ್ನ ಅಣ್ಣನ ಜೊತೆ ಇಳಿದಳು. ತವರಿನವರು ಮದುವೆಯಲ್ಲಿ ಕೊಟ್ಟ ಸಾಮಾನನ್ನೆಲ್ಲ ಅವಳು ಒಯ್ಯಬೇಕೆಂದು ಎರಡೂ ಕಡೆಯ ಹಿರಿಯರು ಕೂತು ತೀರ್ಮಾನಿಸಿದ್ದರಂತೆ.

"ಮಂಚ, ಬೀರು ಎಲ್ಲ ಬಾಗಿಲಲ್ಲೇ ಇಟ್ಟಿದ್ದೀನಿ," ಎಂದು ಆತ ಅರಚಿದ. "ನಿಮ್ಮಪ್ಪ ಕೊಟ್ಟ ಒಂದು ಚಮಚವೂ ಈ ಮನೆಯಲ್ಲಿ ಉಳಿಯಬಾರದು. ಬಾಚಿಕೊಂಡು ಹೋಗು!"

ಆಕೆ ಮಂಚ, ಬೀರುಗಳ ಕಡೆ ನೋಡಲೂ ಇಲ್ಲ. ನೇರ ಒಳಗೆ ಬಂದು ನನ್ನ ಕುರ್ಚಿಯ ಪಕ್ಕ ನಿಂತಳು.

"ಸ್ವಲ್ಪ ಏಳ್ತೀರಾ ಸಾರ್? ಈ ಕಂಪ್ಯೂಟರೂ ನಮ್ಮಪ್ಪ ಕೊಟ್ಟಿದ್ದೇ."