ನೆನೆದ ಮಣ್ಣಿನ ಮಾತು

"ಇದು ಬೈಯೋ ಮಣ್ಣಲ್ಲ ತಾನೆ?" ಶಾಸಕರ ಕಚೇರಿ ಬಾಗಿಲಲ್ಲಿ ಕಾವಲುಗಾರ ಕೇಳಿದ. ಹೋದ ವಾರ ಯಾರೋ ತಂದ ಕೆಮ್ಮಣ್ಣು ಬಾಯಿಗೆ ಬಂದಂತೆ ಬೈದುಹೋಗಿತ್ತಂತೆ.

"ಇದು ಎರೆಮಣ್ಣು. ಮಾತು ಕಮ್ಮಿ," ಎಂದಳು ಜಲಾನಯನ ಸಂಘದ ಅಧ್ಯಕ್ಷೆ ನೀಲವ್ವ, ಬುಟ್ಟಿ ತೋರಿಸಿ.

ಒಳಗೆ ಶಾಸಕ ಶಿವಯೋಗಿ ಗಡಿಯಾರ ನೋಡುತ್ತಲೇ, "ಹೊಲದ ಒಡ್ಡಿನ ಕೆಲಸ ಮುಂದಿನ ವರ್ಷ ನೋಡೋಣ ಬಿಡ್ರಿ," ಎಂದರು. ನೀಲವ್ವ ವಾದಕ್ಕಿಳಿಯಲಿಲ್ಲ, ಬುಟ್ಟಿಗೆ ನೀರು ಚಿಮುಕಿಸಿದಳು. ನೆನೆದರೆ ತಾನೆ ಮಣ್ಣಿಗೆ ಬಾಯಿ ಬರುವುದು.

ಮಣ್ಣು ಆಕಳಿಸಿತು. "ನೀ ನಿಂಗವ್ವನ ಮಗ ಅಲ್ಲೇನು? ಅಂಬೆಗಾಲಿಡುವಾಗ ನನ್ನ ಮುಷ್ಟಿ ಮುಷ್ಟಿ ತಿಂದಾಂವ. ಒಡ್ಡು ಹಾಕದಿದ್ದರ ಈ ಮಳೆಗೇ ನಾ ಹಳ್ಳದ ಪಾಲು. ನಿನ್ನ ಮೊಮ್ಮಕ್ಕಳು ಏನು ತಿಂತಾವು?"

ಶಾಸಕರು ಅರಿವಿಲ್ಲದೆ ಬಾಯಿ ಒರೆಸಿಕೊಂಡು, ಪೆನ್ನು ಹುಡುಕತೊಡಗಿದರು.